ಹಟ್ಟಿಗೆ ಬರುವ ಹುಲ್ಲಿನಲ್ಲಿ ಹುಲ್ಲಲ್ಲದ್ದು

ತುಳುನಾಡಿನ ಆಟಿ ತಿಂಗಳಲ್ಲಿ, ಎಂದರೆ ಜುಲೈ-ಆಗಸ್ಟಿನ ನಡುವೆ, ಮಳೆ ಒಂದಿಷ್ಟು ಹೊಳವಾದ ಬೆಳಗ್ಗೆ, ಗದ್ದೆಯ ಬದುವಾದ ಕಟ್ಟಹುಣಿಯಿಂದ ಕೊಯ್ದು ತಂದ ಹಸಿಹುಲ್ಲಿನ ಹೊರೆಯನ್ನು ಗೋದಲಿಗೆ ಬಿಚ್ಚಿ ಹಾಕಿ ಹತ್ತು ನಿಮಿಷ ಅಲ್ಲೇ ನಿಂತು ನೋಡಿದರೆ, ದನ ಹುಲ್ಲನ್ನು ರಾಶಿಯಾಗಿ ತಿನ್ನುವುದಿಲ್ಲವೆಂಬುದು ಗೊತ್ತಾಗುತ್ತದೆ. ಬ್ರಹ್ಮಾವರದ ಕಡೆಯ ನಮ್ಮ ಹಟ್ಟಿಯಲ್ಲಿ, ಎಂದರೆ ದನದ ಕೊಟ್ಟಿಗೆಯಲ್ಲಿ, ನಾನು ಇದನ್ನು ಎಷ್ಟೋ ಸಲ ನೋಡಿದ್ದೇನೆ. ದನ ಮೊದಲು ಮೂತಿಯಿಂದ ಹೊರೆಯನ್ನು ಅತ್ತಿತ್ತ ಸರಿಸುತ್ತದೆ. ನೀಲಿ ಹೂವಿನ ಕನ್ನೆಸೊಪ್ಪು ಮತ್ತು ನೆಲಕ್ಕೆ ಚಾಪೆಯಂತೆ ಹರಡುವ ಮೂರೆಲೆಯ ಕಾಡುಮೆಂತ್ಯ ಮೊದಲು ಬಾಯಿಗೆ ಹೋಗುತ್ತವೆ, ಆಮೇಲೆ ಗರಿಕೆಯ ಸರದಿ ಬರುತ್ತದೆ. ನಾಯಿತುಳಸಿ ಮಾತ್ರ ಕೊನೆಯವರೆಗೂ ಗೋದಲಿಯ ಮೂಲೆಯಲ್ಲಿ ಉಳಿದು, ಮರುದಿನ ಸೆಗಣಿಯ ಜೊತೆ ಗೊಬ್ಬರದ ಗುಂಡಿ ಸೇರುತ್ತದೆ. ನಾವು ಒಟ್ಟಾಗಿ ‘ಹುಲ್ಲು’ ಎಂದು ಕರೆದು ಮುಗಿಸುವ ಆ ಹೊರೆಯಲ್ಲಿ ದನ ಕನಿಷ್ಠ ನಾಲ್ಕೈದು ಬಗೆಯ ಆಹಾರವನ್ನು ಬೇರೆಬೇರೆಯಾಗಿ ಗುರುತಿಸುತ್ತದೆ.

ಸಸ್ಯಶಾಸ್ತ್ರದ ಕಣ್ಣಿನಲ್ಲಿ ಹುಲ್ಲುಗಾವಲಿನ ಹಸಿರು ಮೂರು ಗುಂಪುಗಳದ್ದು. ಭತ್ತ, ಕಬ್ಬು, ಬಿದಿರುಗಳ ಕುಟುಂಬಕ್ಕೆ ಸೇರಿದ, ಉದ್ದ ಎಲೆಯ ನಿಜವಾದ ಹುಲ್ಲುಗಳು ಒಂದು ಗುಂಪು. ಕಾಡುಮೆಂತ್ಯ, ನಾಚಿಕೆಮುಳ್ಳು, ಅಲಸಂದೆಯಂತೆ ಕೋಡು ಬಿಡುವ ದ್ವಿದಳ ಜಾತಿಯವು ಇನ್ನೊಂದು. ಇವೆರಡೂ ಅಲ್ಲದ ಸೊಪ್ಪುಗಿಡಗಳು ಮೂರನೆಯವು: ಕನ್ನೆಸೊಪ್ಪು, ಗರುಗ, ಹೊನಗೊನ್ನೆ, ಮನೆಯಲ್ಲಿ ನಾವೇ ಚಟ್ನಿ ಅರೆಯುವ ತಿಮರೆ, ಅಂದರೆ ಒಂದೆಲಗ. ಈ ಮೂರನೆಯ ಗುಂಪಿಗೆ ನಮ್ಮ ಕೃಷಿಯ ಮಾತಿನಲ್ಲಿ ಇರುವ ಹೆಸರು ‘ಕಳೆ’ ಒಂದೇ. ಗದ್ದೆಯೊಳಗೆ ನಿಂತವನಿಗೆ ಅದು ಸರಿಯಾದ ಹೆಸರೇ. ಹಟ್ಟಿಯಲ್ಲಿ ನಿಂತವನಿಗೆ ಅಲ್ಲ. ಯುರೋಪ್ ಮತ್ತು ನ್ಯೂಜಿಲೆಂಡಿನ ಹೈನುಗಾರರು ಕಳೆದ ಕೆಲವು ದಶಕಗಳಲ್ಲಿ ಇಂಥ ಸೊಪ್ಪುಗಿಡಗಳನ್ನು ಹಣ ಕೊಟ್ಟು ಬೀಜ ತಂದು ಹುಲ್ಲಿನ ನಡುವೆ ಬಿತ್ತುತ್ತಿದ್ದಾರೆ. ಅವರು ಮುಖ್ಯವಾಗಿ ಬಿತ್ತುವುದು ಎರಡನ್ನು. ಒಂದು ಚಿಕೋರಿ, ಫಿಲ್ಟರ್ ಕಾಫಿಯ ಪುಡಿಯಲ್ಲಿ ನಾವು ಬೇರಿನ ರೂಪದಲ್ಲಿ ಕುಡಿಯುವುದು ಅದನ್ನೇ. ಮೇವಿಗೆಂದೇ ಆಯ್ದು ಬೆಳೆಸಿದ ಅದರ ‘ಪೂನಾ’ ಎಂಬ ತಳಿ ನ್ಯೂಜಿಲೆಂಡಿನಲ್ಲಿ 1985ರಲ್ಲಿ ಬಿಡುಗಡೆಯಾಯಿತು. ಇನ್ನೊಂದು ಪ್ಲಾಂಟೇನ್, ನಮ್ಮ ಔಷಧಿ ಅಂಗಡಿಯ ಇಸಬ್ಗೋಲಿನ ಹತ್ತಿರದ ಸಂಬಂಧಿ. ಎರಡೂ ತಂಪು ಹವೆಯವು. ಮಂಗಳೂರಿನ ಸೆಕೆಗೂ ಮಳೆಗೂ ಹೇಳಿ ಮಾಡಿಸಿದವಲ್ಲ. ಆದರೆ ಅಲ್ಲಿಯವರು ಅವನ್ನು ಏಕೆ ಬಿತ್ತುತ್ತಾರೆಂಬ ಕಾರಣ ಅರ್ಥವಾದರೆ, ನಮ್ಮ ಹುಣಿಯಲ್ಲಿ ತಾನಾಗಿ ಹುಟ್ಟುವುದನ್ನು ನೋಡುವ ದೃಷ್ಟಿ ಬದಲಾಗುತ್ತದೆ.

ಕಾರಣ ಇರುವುದು ದನದ ಹೊಟ್ಟೆಯಲ್ಲಿ. ಮೆಲುಕು ಹಾಕುವ ಪ್ರಾಣಿಯ ನಾಲ್ಕು ಭಾಗದ ಹೊಟ್ಟೆಯಲ್ಲಿ ಮೊದಲನೆಯದೂ ದೊಡ್ಡದೂ ಆದ ರೂಮೆನ್, ದೊಡ್ಡ ಮಿಶ್ರತಳಿಯ ದನದಲ್ಲಿ ನೂರು ಲೀಟರಿಗೂ ಮಿಕ್ಕಿ ಹಿಡಿಯುವ ಹುದುಗಿನ ಹಂಡೆ. ಅಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ನಾರನ್ನು ಒಡೆದು ಆಮ್ಲಗಳನ್ನಾಗಿ ಮಾಡುತ್ತವೆ. ದನಕ್ಕೆ ಬೇಕಾದ ಶಕ್ತಿಯ ಬಹುಪಾಲು ಬರುವುದು ಆ ಆಮ್ಲಗಳಿಂದ. ಹಂಡೆ ಎಷ್ಟೇ ದೊಡ್ಡದಾದರೂ ಅದು ಖಾಲಿಯಾದಷ್ಟೇ ಮತ್ತೆ ತುಂಬಬಹುದು. ಮೇವಿಗೆಂದೇ ನೆಟ್ಟು ಬೆಳೆಸುವ ನೇಪಿಯರ್ ಹುಲ್ಲು ಬಲಿತಾಗ ಅದರ ಒಣ ಪದಾರ್ಥದಲ್ಲಿ, ಎಂದರೆ ನೀರನ್ನು ಕಳೆದು ಉಳಿದದ್ದರಲ್ಲಿ, ಮೂರನೇ ಎರಡು ಪಾಲಿನಷ್ಟು ನಾರು. ಅದು ಒಡೆದು ಸಣ್ಣದಾಗಿ ಮುಂದಿನ ಹೊಟ್ಟೆಗೆ ಜಾರಲು ಬಹಳ ಹೊತ್ತು ಬೇಕು. ಎಳೆಯ ಸೊಪ್ಪುಗಿಡದ ಎಲೆಯಲ್ಲಿ ನಾರು ಅದರ ಅರ್ಧದ ಆಸುಪಾಸಿನಲ್ಲಿರುತ್ತದೆ. ಜೊತೆಗೆ ಪೆಕ್ಟಿನ್ ಎಂಬ ಅಂಟು ಹೆಚ್ಚು, ಪೇರಳೆ ಹಣ್ಣಿನ ಜೆಲ್ಲಿ ಗಟ್ಟಿಯಾಗುವುದು ಯಾವುದರಿಂದಲೋ ಅದು. ಪೆಕ್ಟಿನ್ ರೂಮೆನ್‌ನಲ್ಲಿ ಬೇಗ ಕರಗುತ್ತದೆ, ಆದರೆ ಅಕ್ಕಿಯ ನುಚ್ಚು ಅಥವಾ ಜೋಳದ ಹಿಟ್ಟನ್ನು ಅತಿಯಾಗಿ ತಿನ್ನಿಸಿದಾಗ ಆಗುವಂತೆ ಹೊಟ್ಟೆಯನ್ನು ಹುಳಿಗೆ ದೂಡುವುದಿಲ್ಲ. ಹೀಗಾಗಿ ಸೊಪ್ಪು ಬೆರೆತ ಮೇವು ಬೇಗ ಒಡೆದು ಬೇಗ ಮುಂದೆ ಸಾಗುತ್ತದೆ, ಹಂಡೆಯಲ್ಲಿ ಜಾಗವಾಗುತ್ತದೆ, ದನ ಮತ್ತೆ ತಿನ್ನುತ್ತದೆ. ಹೆಚ್ಚು ತಿಂದದ್ದೇ ಹೆಚ್ಚು ಹಾಲಿನ ಮೊದಲ ಕಾರಣ.

ಇದನ್ನು ಕೇಳಿ ಬೈಹುಲ್ಲನ್ನು, ಎಂದರೆ ಭತ್ತದ ಒಣಹುಲ್ಲನ್ನು, ಹೀಗಳೆಯಬೇಕಾಗಿಲ್ಲ. ಬರೀ ಎಳೆ ಸೊಪ್ಪು ತಿಂದ ದನದ ಸೆಗಣಿ ನೀರಾಗುತ್ತದೆ, ಮೆಲುಕು ಕಡಿಮೆಯಾಗುತ್ತದೆ, ಹಾಲಿನ ಜಿಡ್ಡು ಇಳಿಯುತ್ತದೆ. ಡೈರಿಯಲ್ಲಿ ಫ್ಯಾಟ್ ನೋಡಿ ದರ ಕೊಡುವ ಕಾಲದಲ್ಲಿ ಇದು ನೇರವಾಗಿ ಕಿಸೆಗೆ ತಾಗುವ ಸಂಗತಿ. ಬಾಯಿ ಆಡಿಸುವಂತೆ ಮಾಡುವ ಒರಟು ನಾರು ಬೇಕೇ ಬೇಕು. ಒಟ್ಟು ಒಣ ಪದಾರ್ಥದ ಲೆಕ್ಕದಲ್ಲಿ ಸೊಪ್ಪಿನ ಪಾಲು ಕಾಲುಭಾಗವನ್ನು ದಾಟದಂತೆ ನಾನು ನೋಡಿಕೊಳ್ಳುತ್ತೇನೆ.

ಕರಾವಳಿಯ ಮಟ್ಟಿಗೆ ಸೊಪ್ಪುಗಿಡದ ದೊಡ್ಡ ಬೆಲೆ ಇರುವುದು ಖನಿಜಗಳಲ್ಲಿ ಎಂಬುದು ನನ್ನ ಅಭಿಪ್ರಾಯ, ಮತ್ತು ಅದಕ್ಕೆ ಕಾರಣ ನಮ್ಮ ಮಣ್ಣು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬಂದುಹೋಗುವ ಈ ಮುರಕಲ್ಲಿನ, ಎಂದರೆ ಜಂಬಿಟ್ಟಿಗೆಯ, ನೆಲದಲ್ಲಿ ಸುಣ್ಣದಂಶವೂ ಮೆಗ್ನೀಸಿಯಮ್ಮೂ ನೀರಿನೊಂದಿಗೆ ತೊಳೆದುಹೋಗಿ ಮಣ್ಣು ಹುಳಿಯಾಗಿ ಉಳಿದಿದೆ. ಇಂಥ ಮಣ್ಣಿನಲ್ಲಿ ಬೆಳೆದ ಹುಲ್ಲಿಗೆ ಕ್ಯಾಲ್ಸಿಯಂ ಮೊದಲೇ ಕಡಿಮೆ. ಅದರ ಮೇಲೆ ನಮ್ಮ ಹಟ್ಟಿಗಳ ಎರಡು ಮುಖ್ಯ ಮೇವುಗಳಲ್ಲೂ, ಎಂದರೆ ಬೈಹುಲ್ಲು ಮತ್ತು ಕೊಯಮತ್ತೂರಿನಿಂದ ಬಂದ ಸಿಒ-3, ಸಿಒ-4 ಮಾದರಿಯ ನೇಪಿಯರ್‌ನಲ್ಲೂ, ಆಕ್ಸಲೇಟ್ ಇದೆ. ಆಕ್ಸಲೇಟ್ ಇದ್ದ ಸ್ವಲ್ಪ ಕ್ಯಾಲ್ಸಿಯಂ ಅನ್ನೂ ಹಿಡಿದು ಕರಗದ ಹರಳಾಗಿಸಿ ಸೆಗಣಿಯೊಂದಿಗೆ ಹೊರಗೆ ಕಳಿಸಿಬಿಡುತ್ತದೆ. ಕೆಸುವಿನ ದಂಟು ತಿಂದಾಗ ನಾಲಗೆ ತುರಿಸುವುದೂ ಇದೇ ಹರಳಿನ ಸೂಜಿಗಳಿಂದ.

ಇತ್ತ ಖರ್ಚಿನ ಲೆಕ್ಕ ನೋಡಬೇಕು. ಒಂದು ಲೀಟರ್ ಹಾಲಿನಲ್ಲಿ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ದಿನಕ್ಕೆ 10 ಲೀಟರ್ ಕೊಡುವ ದನದಿಂದ 12 ಗ್ರಾಂ ಕ್ಯಾನಿನಲ್ಲಿ ಡೈರಿಗೆ ಹೋಗುತ್ತದೆ. ದನ ತಿಂದ ಕ್ಯಾಲ್ಸಿಯಂನಲ್ಲಿ ಅರ್ಧದಷ್ಟು ಮಾತ್ರ ಮೈಗೆ ಹತ್ತುವುದರಿಂದ, ಬರೀ ಹಾಲಿನ ಲೆಕ್ಕಕ್ಕೇ ಇದರ ಇಮ್ಮಡಿ ಮೇವಿನಲ್ಲಿ ಬರಬೇಕು. ಕರು ಹಾಕಿದ ಒಂದೆರಡು ದಿನಗಳಲ್ಲಿ ಈ ಲೆಕ್ಕ ತಪ್ಪಿ ರಕ್ತದ ಕ್ಯಾಲ್ಸಿಯಂ ಕುಸಿದಾಗ ದನ ಏಳಲಾರದೆ ಬೀಳುತ್ತದೆ. ಹಾಲುಜ್ವರ ಎಂದು ಅದಕ್ಕೆ ಹೆಸರಿದ್ದರೂ ಮೈ ಬಿಸಿಯಾಗುವುದಿಲ್ಲ, ಕಿವಿ ತಣ್ಣಗಾಗಿರುತ್ತದೆ. ಹುಲ್ಲಿಗೂ ಸೊಪ್ಪಿಗೂ ಇರುವ ಅಂತರ ಇಲ್ಲಿ ಎದ್ದು ಕಾಣುತ್ತದೆ. ಯುರೋಪಿನ ರೈಗ್ರಾಸ್ ಹುಲ್ಲಿನ ಒಣ ಪದಾರ್ಥದಲ್ಲಿ ಕ್ಯಾಲ್ಸಿಯಂ ನೂರಕ್ಕೆ 0.5ರಷ್ಟಿದ್ದರೆ, ಅದೇ ಹೊಲದ ಪ್ಲಾಂಟೇನ್‌ನಲ್ಲಿ ಅದರ ಮೂರು ಪಟ್ಟು ಸಿಗುವುದು ಸಾಮಾನ್ಯ. ಮೆಗ್ನೀಸಿಯಂ, ತಾಮ್ರ, ಸತು, ಕೋಬಾಲ್ಟ್ ಕೂಡ ಸೊಪ್ಪುಗಿಡಗಳಲ್ಲಿ ಸಾಮಾನ್ಯವಾಗಿ ಹೆಚ್ಚು. ಅಗಲ ಎಲೆಯ ಗಿಡಗಳ ಜೀವಕೋಶದ ಗೋಡೆಯ ಪೆಕ್ಟಿನ್ನೇ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ, ಮತ್ತು ಅವುಗಳ ಬೇರು ಮಣ್ಣಿನಿಂದ ಅದನ್ನು ಎಳೆದುಕೊಳ್ಳುವುದರಲ್ಲಿ ಹುಲ್ಲಿನ ಬೇರಿಗಿಂತ ಗಟ್ಟಿಗವಾದುದರಿಂದ, ಇದು ಹೊಲ ಯಾವುದೇ ಇದ್ದರೂ ಕಾಣುವ ಗುಣ.

ಎಲ್ಲ ಸೊಪ್ಪೂ ಹೀಗೆ ಎಂದು ಹೇಳಲಾಗದು. ಮುಳ್ಳುಹರಿವೆ, ಗೋಣಿಸೊಪ್ಪು, ಹುಳಿ ರುಚಿಯ ಪುಳ್ಳಂಪುರಚಿ ಇವುಗಳಲ್ಲಿ ಆಕ್ಸಲೇಟ್ ಹುಲ್ಲಿಗಿಂತಲೂ ಜಾಸ್ತಿ. ಹೊರೆಯಲ್ಲಿ ಅಲ್ಲೊಂದು ಇಲ್ಲೊಂದು ಎಸಳು ಬಂದರೆ ತೊಂದರೆಯಿಲ್ಲ, ರೂಮೆನ್‌ನ ಜೀವಿಗಳು ಸ್ವಲ್ಪ ಆಕ್ಸಲೇಟನ್ನು ಒಡೆಯಲು ಕಲಿತಿರುತ್ತವೆ. ಬೇರೇನೂ ಸಿಗಲಿಲ್ಲವೆಂದು ಹಿತ್ತಲಿನ ಮುಳ್ಳುಹರಿವೆಯನ್ನೇ ಬುಟ್ಟಿ ತುಂಬ ಕೊಯ್ದು ಹಾಕಬಾರದು.

ಮೂರನೆಯ ಗುಣ ಒಗರು. ಮಾರ್ಚ್ ತಿಂಗಳಲ್ಲಿ ಗುಡ್ಡೆಯ ಗೇರುಹಣ್ಣನ್ನು ಕಚ್ಚಿ ತಿಂದವರಿಗೆ ಗಂಟಲು ಹಿಡಿದಂತಾಗುವುದು ಗೊತ್ತು. ಹಣ್ಣಿನಲ್ಲಿರುವ ಟ್ಯಾನಿನ್ ನಮ್ಮ ಎಂಜಲಿನ ಪ್ರೋಟೀನನ್ನು ಹಿಡಿದು ಗಂಟು ಕಟ್ಟುವುದರಿಂದ ನಾಲಗೆಯ ಜಾರಿಕೆ ಹೋಗಿ ಹಾಗಾಗುತ್ತದೆ. ದನದ ಹೊಟ್ಟೆಯಲ್ಲೂ ನಡೆಯುವುದು ಇದೇ, ಆದರೆ ಅಲ್ಲಿ ಅದರಿಂದ ಲಾಭವಿದೆ. ಮೇವಿನ ಪ್ರೋಟೀನನ್ನು ರೂಮೆನ್‌ನ ಸೂಕ್ಷ್ಮಜೀವಿಗಳು ಅವಸರದಲ್ಲಿ ಒಡೆದು ಅಮೋನಿಯಾ ಮಾಡಿದರೆ, ಅದರಲ್ಲಿ ಒಂದು ಪಾಲು ಯೂರಿಯಾ ಆಗಿ ಗಂಜಲದಲ್ಲಿ ಹರಿದುಹೋಗುತ್ತದೆ. ಹಿಂಡಿಗೆ ಕೊಟ್ಟ ಹಣ ಚರಂಡಿ ಸೇರಿದ ಹಾಗೆ. ಟ್ಯಾನಿನ್ ಜೊತೆ ಗಂಟಾದ ಪ್ರೋಟೀನ್ ರೂಮೆನ್‌ನಲ್ಲಿ ಒಡೆಯದೆ ಪಾರಾಗಿ, ನಾಲ್ಕನೆಯ ಹೊಟ್ಟೆಯ ಕಟುವಾದ ಹುಳಿಗೆ ಬಂದಾಗ ಗಂಟು ಬಿಚ್ಚಿಕೊಂಡು, ಮುಂದೆ ಕರುಳಿನಲ್ಲಿ ದನದ ಪಾಲಿಗೆ ಸಿಗುತ್ತದೆ. ಎಳೆ ದ್ವಿದಳ ಮೇವು ತಿಂದಾಗ ರೂಮೆನ್‌ನಲ್ಲಿ ನೊರೆ ಕಟ್ಟಿ ಆಗುವ ಹೊಟ್ಟೆಯುಬ್ಬರವೂ ಒಗರು ಇರುವ ಮೇವಿನಲ್ಲಿ ಕಡಿಮೆ. ಒಣ ಪದಾರ್ಥದಲ್ಲಿ ನೂರಕ್ಕೆ ಎರಡರಿಂದ ನಾಲ್ಕರಷ್ಟು ಟ್ಯಾನಿನ್ ಒಳ್ಳೆಯದು. ಐದಾರನ್ನು ದಾಟಿದರೆ ದನ ಬಾಯಿ ಹಾಕುವುದೇ ಕಡಿಮೆಯಾಗುತ್ತದೆ, ತಿಂದದ್ದೂ ಸರಿಯಾಗಿ ಜೀರ್ಣವಾಗುವುದಿಲ್ಲ. ನಾಚಿಕೆಮುಳ್ಳಿನಲ್ಲಿ ಟ್ಯಾನಿನ್ ಜೊತೆಗೆ ಮಿಮೋಸಿನ್ ಎಂಬ ವಿಷಕಾರಿ ಅಂಶವೂ ಇರುವುದರಿಂದ, ಅದನ್ನು ದನ ಹುಣಿಯಲ್ಲಿ ಮೇಯುವಾಗ ಒಂದೆರಡು ಬಾಯಿ ತಿಂದರೆ ಬಿಡಬಹುದು, ಕೊಯ್ದು ತಂದು ಹಾಕುವುದು ಬೇಡ. ಜಂತುಹುಳದ ಮೇಲೂ ಟ್ಯಾನಿನ್ ಮತ್ತು ಚಿಕೋರಿಯ ಕಹಿ ಅಂಶಗಳು ಕೆಲಸ ಮಾಡುತ್ತವೆಂದು ಕುರಿಗಳಲ್ಲಿ ನಡೆದ ಪ್ರಯೋಗಗಳು ತೋರಿಸಿವೆ, ಆದರೆ ಅದು ಮಾತ್ರೆಯ ಬದಲಿಗೆ ಬಳಸುವಷ್ಟು ಖಚಿತವಾದ ಮದ್ದಲ್ಲ.

ಇಷ್ಟೆಲ್ಲ ಒಳ್ಳೆಯದು ಮಳೆಗಾಲದಲ್ಲಿ ಕೈತುಂಬ ಸಿಗುತ್ತದೆ. ಜಮೀನಿಗೆ ತಾಗಿದ ಕುಮ್ಕಿ ಜಾಗದ ಇಳಿಜಾರು, ಅಡಿಕೆ ತೋಟದ ನೆಲ, ಮಜಲು ಗದ್ದೆಯ ಹುಣಿ ಎಲ್ಲವೂ ಹಸಿರು. ಫೆಬ್ರುವರಿಗೆ ಗುಡ್ಡೆಯ ಮುಳಿಹುಲ್ಲು ಬೂದಿಬಣ್ಣಕ್ಕೆ ತಿರುಗಿ, ಮೇ ಕೊನೆಯವರೆಗೆ ಬೈಹುಲ್ಲು, ಹಿಂಡಿ, ಅಕ್ಕಿ ತೊಳೆದ ಅಕ್ಕಚ್ಚು ಬಿಟ್ಟರೆ ಬೇರೇನೂ ಇರುವುದಿಲ್ಲ. ಈ ಸೊಪ್ಪನ್ನು ಒಣಗಿಸಿ ಇಡೋಣವೆಂದರೆ, ಸೊಪ್ಪು ಇರುವಾಗ ಬಿಸಿಲಿಲ್ಲ, ಬಿಸಿಲು ಬರುವಾಗ ಸೊಪ್ಪು ಬಲಿತಿರುತ್ತದೆ. ಬಿಸಿಲು ಸಿಕ್ಕಿ ಒಣಗಿಸಿದರೂ ಎಲೆ ಪುಡಿಪುಡಿಯಾಗಿ ಅಂಗಳದಲ್ಲೇ ಉದುರಿ, ಹಟ್ಟಿಗೆ ಬರುವುದು ಕಡ್ಡಿ ಮಾತ್ರ. ಉಳಿದ ದಾರಿ ಸೈಲೇಜ್, ರಸಮೇವು.

ಸೈಲೇಜ್ ನಮಗೆ ಹೊಸ ತತ್ತ್ವವೇನಲ್ಲ. ಮೇ ತಿಂಗಳಲ್ಲಿ ಹಲಸಿನ ಸೊಳೆಯನ್ನು ಉಪ್ಪು ಹಾಕಿ ಭರಣಿಯಲ್ಲಿ ಒತ್ತಿ ತುಂಬಿ, ಮೇಲೆ ಭಾರ ಹೇರಿ, ಬಾಯಿ ಕಟ್ಟಿ ಆಟಿಗೆ ತೆಗೆಯುವ ಮನೆಗಳಿಗೆ ಗಾಳಿಯನ್ನು ಹೊರಗಿಟ್ಟು ಹುಳಿಯನ್ನು ಒಳಗೆ ಬೆಳೆಸುವ ವಿದ್ಯೆ ತಲೆತಲಾಂತರದ್ದು. ವ್ಯತ್ಯಾಸವೆಂದರೆ ಅಲ್ಲಿ ಕೆಡದಂತೆ ಕಾಯುವುದು ಬಹುಮಟ್ಟಿಗೆ ಉಪ್ಪು, ಇಲ್ಲಿ ಕಾಯುವುದು ಹುಳಿಯೊಂದೇ. ಕತ್ತರಿಸಿ ಒತ್ತಿ ಮುಚ್ಚಿದ ಮೇವಿನೊಳಗೆ ಉಳಿದ ಆಮ್ಲಜನಕವನ್ನು ಎಲೆಗಳೇ ಉಸಿರಾಡಿ ಕೆಲವು ಗಂಟೆಗಳಲ್ಲಿ ಮುಗಿಸುತ್ತವೆ. ಆಮೇಲೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು, ಹಾಲನ್ನು ಮೊಸರು ಮಾಡುವವುಗಳ ಬಳಗದವು, ಮೇವಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಹುಳಿಯ ಅಳತೆಯಾದ ಪಿಎಚ್ (ಅದು ಇಳಿದಷ್ಟೂ ಹುಳಿ ಹೆಚ್ಚು) ಆರರ ಹತ್ತಿರದಿಂದ ನಾಲ್ಕರ ಹತ್ತಿರಕ್ಕೆ ಇಳಿದಾಗ ಬೇರೆ ಯಾವ ಜೀವಿಯೂ ಬೆಳೆಯಲಾರದೆ ಮೇವು ಹಾಗೆಯೇ ನಿಲ್ಲುತ್ತದೆ. ಈ ಓಟದಲ್ಲಿ ಲ್ಯಾಕ್ಟಿಕ್ ಬಳಗ ಹಿಂದೆ ಬಿದ್ದರೆ ಮಣ್ಣಿನಿಂದ ಬಂದ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾ ಮುಂದೆ ಬಂದು, ಆದ ಹುಳಿಯನ್ನೂ ತಿಂದು ಬ್ಯುಟಿರಿಕ್ ಆಮ್ಲ ಮಾಡುತ್ತದೆ. ಹಳಸಿದ ಬೆಣ್ಣೆಯ ಆ ನಾತ ಒಮ್ಮೆ ಕೈಗೆ ಹತ್ತಿದರೆ ಎರಡು ಸಲ ಸಾಬೂನು ಹಾಕಿದರೂ ಹೋಗುವುದಿಲ್ಲ.

ಮೊದಲ ವರ್ಷ ನಾನು ಮಾಡಿದ್ದು ಆ ನಾತವನ್ನೇ. ಜುಲೈಯಲ್ಲಿ ಸೊಪ್ಪು ಹೇರಳವಾಗಿದೆಯೆಂದು ಮಳೆಯ ನಡುವೆಯೇ ಕೊಯ್ದು, ನೀರು ಸೋರುತ್ತಿದ್ದ ಕನ್ನೆಸೊಪ್ಪನ್ನೂ ಹುಣಿಯ ಹುಲ್ಲನ್ನೂ ಕತ್ತರಿಸಿ, 200 ಲೀಟರಿನ ಮೂರು ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ತುಳಿದು ತುಂಬಿದೆ. ಐವತ್ತು ದಿನ ಕಳೆದು ಮುಚ್ಚಳ ತೆಗೆದಾಗ ಮೇಲೆ ಬಿಳಿ ಬೂಸ್ಟು, ಕೆಳಗೆ ಕಪ್ಪು ಲೋಳೆ, ತಳದಲ್ಲಿ ಒಂದು ಗೇಣು ಕಂದು ನೀರು. ದನ ಒಮ್ಮೆ ಮೂಸಿ ಮುಖ ತಿರುಗಿಸಿತು. ತಪ್ಪು ಏನೆಂದು ಆಗ ತಿಳಿಯಲಿಲ್ಲ. ನೇಪಿಯರ್ ಹಾಕುವವರೆಲ್ಲ ಹೀಗೇ ಮಾಡುತ್ತಾರಲ್ಲ ಎಂದುಕೊಂಡಿದ್ದೆ.

ಸೊಪ್ಪುಗಿಡ ಸೈಲೇಜಿಗೆ ಹುಲ್ಲಿನಷ್ಟು ಸುಲಭವಾಗಿ ಒಗ್ಗುವುದಿಲ್ಲ. ಒಂದು, ಅದರಲ್ಲಿ ನೀರು ವಿಪರೀತ. ಮಳೆಗಾಲದ ಎಳೆ ಸೊಪ್ಪಿನಲ್ಲಿ ನೂರಕ್ಕೆ ಹತ್ತು ಹನ್ನೆರಡರಷ್ಟು ಮಾತ್ರ ಒಣ ಪದಾರ್ಥ, ಉಳಿದದ್ದೆಲ್ಲ ನೀರು. ಸೈಲೇಜಿಗೆ ಬೇಕಾದದ್ದು ಮೂವತ್ತರ ಆಸುಪಾಸು. ನೀರು ಹೆಚ್ಚಿದ್ದಷ್ಟು ಕ್ಲಾಸ್ಟ್ರಿಡಿಯಂ ತಡೆಯಲು ಪಿಎಚ್ ಇನ್ನೂ ಕೆಳಗೆ ಇಳಿಯಬೇಕು, ಅದಕ್ಕೆ ಇನ್ನೂ ಹೆಚ್ಚು ಸಕ್ಕರೆ ಬೇಕು, ನೀರು ಹೆಚ್ಚಿದ್ದಾಗ ಅದೇ ಸಕ್ಕರೆ ತೆಳ್ಳಗಾಗಿರುತ್ತದೆ. ಎರಡನೆಯದು ಕುತೂಹಲದ್ದು. ಹುಳಿ ಮಜ್ಜಿಗೆಗೆ ಚಿಟಿಕೆ ಸುಣ್ಣ ಹಾಕಿದರೆ ಹುಳಿ ಹೇಗೆ ತಗ್ಗುವುದೋ ಹಾಗೆ, ಸೊಪ್ಪಿನ ಕ್ಯಾಲ್ಸಿಯಂ, ಪೊಟ್ಯಾಸಿಯಂ ಮತ್ತು ಪ್ರೋಟೀನ್ ಸೇರಿ ಹುಟ್ಟಿದ ಆಮ್ಲವನ್ನು ಹೀರಿಕೊಂಡು ಪಿಎಚ್ ಇಳಿಯಲು ಬಿಡುವುದಿಲ್ಲ. ಗೋದಲಿಯಲ್ಲಿ ಯಾವುದು ಸೊಪ್ಪಿನ ಬೆಲೆಯೋ, ಡ್ರಮ್ಮಿನಲ್ಲಿ ಅದೇ ಅದರ ದೋಷ.

ಫಿನ್ಲೆಂಡಿನ ವಿಜ್ಞಾನಿ ಎ. ಐ. ವಿರ್ಟಾನೆನ್ ಎದುರಿಸಿದ್ದು ಇದೇ ಸಮಸ್ಯೆಯನ್ನು. ಅಲ್ಲಿಯ ಬೇಸಿಗೆ ಚಿಕ್ಕದು, ಮಳೆಯದು. ಹುಲ್ಲು ಒಣಗುವುದಿಲ್ಲ, ಪ್ರೋಟೀನ್ ತುಂಬಿದ ಕ್ಲೋವರ್ ಸೊಪ್ಪು ತಾನಾಗಿ ಹುಳಿಯಾಗುವುದಿಲ್ಲ. ಬ್ಯಾಕ್ಟೀರಿಯಾ ಆಮ್ಲ ಮಾಡುವವರೆಗೆ ಕಾಯದೆ ಅವರು ಮೇವಿನ ಮೇಲೆ ತೆಳುಗೊಳಿಸಿದ ಖನಿಜಾಮ್ಲವನ್ನೇ ಚಿಮುಕಿಸಿ ಪಿಎಚ್ ಅನ್ನು ಒಮ್ಮೆಗೇ ನಾಲ್ಕಕ್ಕಿಂತ ಕೆಳಗಿಳಿಸಿದರು. ಅವರ ಹೆಸರಿನ ಮೊದಲಕ್ಷರಗಳಿಂದ ‘ಎಐವಿ ವಿಧಾನ’ ಎಂದೇ ಪ್ರಸಿದ್ಧವಾದ ಈ ಕೆಲಸವೂ ಸೇರಿ ಅವರಿಗೆ 1945ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ದನದ ಮೇವಿಗೆ ನೊಬೆಲ್ ಎಂದರೆ ನಂಬದವರಿಗೆ ನಾನು ಈ ಇಸವಿಯನ್ನು ಹೇಳುವುದುಂಟು. ಆಮ್ಲದ ಕ್ಯಾನು ಹಿಡಿದು ಕೆಲಸ ಮಾಡುವುದು ನಮ್ಮ ಸಣ್ಣ ಹಟ್ಟಿಗಳಿಗೆ ತಕ್ಕದ್ದಲ್ಲ. ನಮ್ಮ ಕೈಯಲ್ಲಿರುವುದು ನೀರನ್ನು ತಗ್ಗಿಸುವುದು ಮತ್ತು ಸಕ್ಕರೆಯನ್ನು ಹೆಚ್ಚಿಸುವುದು.

ನೀರು ತಗ್ಗಿಸಲು ಲೆಕ್ಕ ಹೀಗೆ. ಬರೀ ಸೊಪ್ಪು 100 ಕಿಲೋ ಇದ್ದರೆ ಅದರಲ್ಲಿ ಒಣ ಪದಾರ್ಥ 12 ಕಿಲೋ; ಮಿಶ್ರಣವನ್ನು ನೂರಕ್ಕೆ ಮೂವತ್ತಕ್ಕೆ ತರಲು 30 ಕಿಲೋ ಬೈಹುಲ್ಲು ಸೇರಿಸಬೇಕಾಗುತ್ತದೆ, ಅಷ್ಟು ಹಾಕಿದರೆ ಆಗುವುದು ನೆನೆದ ಬೈಹುಲ್ಲೇ ಹೊರತು ಸೈಲೇಜ್ ಅಲ್ಲ. ಅದರ ಬದಲು ಹೂ ಬಿಡುವ ಮೊದಲು ಕೊಯ್ದ ನೇಪಿಯರ್ ಅಥವಾ ಜೋಳದ ಹಸಿಮೇವು 80 ಕಿಲೋಗೆ ಸೊಪ್ಪು 20 ಕಿಲೋ ಸೇರಿಸಿದರೆ, ನೇಪಿಯರ್‌ನಲ್ಲಿ ಒಣ ಪದಾರ್ಥ 22 ಎಂದು ಹಿಡಿದರೂ, 16ರಿಂದ 17 ಕಿಲೋ ಬೈಹುಲ್ಲು ಸಾಕು. ಒಂದು ಮಧ್ಯಾಹ್ನದ ಬಿಸಿಲಿಗೆ ನೇಪಿಯರ್ ಮತ್ತು ಸೊಪ್ಪನ್ನು ತೆಳ್ಳಗೆ ಹರಡಿ ಬಾಡಿಸಿದರೆ ಬೈಹುಲ್ಲು ಇನ್ನೂ ಕಡಿಮೆ ಸಾಕಾಗುತ್ತದೆ. ಕತ್ತರಿಸಿದ ಮಿಶ್ರಣವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿದಾಗ ಬೆರಳ ಸಂದಿಯಿಂದ ನೀರು ಹನಿಯಬಾರದು, ಬಿಟ್ಟಾಗ ಉಂಡೆ ನಿಧಾನಕ್ಕೆ ಬಿಚ್ಚಿಕೊಳ್ಳಬೇಕು. ಸಕ್ಕರೆಗೆ 100 ಕಿಲೋ ಮೇವಿಗೆ ಎರಡು ಮೂರು ಕಿಲೋ ಕಾಕಂಬಿ ಅಥವಾ ಕಪ್ಪು ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಪದರ ಪದರಕ್ಕೆ ಚಿಮುಕಿಸಬೇಕು. ಬೈಹುಲ್ಲು ಸೇರಿಸಿದಾಗ ಬೆಲ್ಲ ಬಿಡುವಂತಿಲ್ಲ, ಏಕೆಂದರೆ ಅದರಲ್ಲಿ ಹುಳಿಯಾಗಲು ಸಕ್ಕರೆಯೇ ಇಲ್ಲ. ಕತ್ತರಿಸುವುದು ಒಂದು ಅಂಗುಲಕ್ಕಿಂತ ಉದ್ದವಾಗದಂತೆ. ತುಳಿಯುವುದು ಕಾಲಿನ ಹೆಜ್ಜೆ ಮೂಡದಷ್ಟು. ಮುಚ್ಚುವುದು ಕೊಯ್ದ ದಿನವೇ. ಚೆನ್ನಾಗಿ ತುಂಬಿದ 200 ಲೀಟರಿನ ಡ್ರಮ್ಮಿನಲ್ಲಿ 100 ಕಿಲೋಗಿಂತ ಕಡಿಮೆ ಹಿಡಿದರೆ ಒಳಗೆ ಗಾಳಿ ಉಳಿದಿದೆಯೆಂದೇ ಅರ್ಥ.

ಇದನ್ನೆಲ್ಲ ಯಾವಾಗ ಮಾಡುವುದೆಂಬುದು ಕರಾವಳಿಯ ನಿಜವಾದ ತೊಡಕು. ಜೂನ್ ಜುಲೈಯಲ್ಲಿ ಸೊಪ್ಪು ಎಳೆಯದು, ಆದರೆ ಬಾಡಿಸಲು ಬಿಸಿಲಿಲ್ಲ. ನವರಾತ್ರಿ ಕಳೆಯುವ ಹೊತ್ತಿಗೆ ಬಿಸಿಲಿದೆ, ಆದರೆ ಸೊಪ್ಪುಗಿಡ ಹೂವಾಗಿ ಕಾಯಾಗಿರುತ್ತದೆ. ಹೂವಾದ ಮೇಲೆ ಸೊಪ್ಪುಗಿಡದ ದಂಟು ಕಡ್ಡಿಯಾಗಿ ಜೀರ್ಣವಾಗದಂತಾಗುತ್ತದೆ. ಮಳೆಗಾಲದ ಭತ್ತದ ಬೆಳೆಯಾದ ಏಣಿಲಿನ ಕೊಯ್ಲಿಗೆ ಮುಂಚೆ, ಸೆಪ್ಟೆಂಬರಿನಲ್ಲಿ ಬರುವ ನಾಲ್ಕೈದು ದಿನಗಳ ಬಿಸಿಲನ್ನು ಹಿಡಿಯುವುದು ನನ್ನ ಲೆಕ್ಕದಲ್ಲಿ ಸರಿ. ಆಗಸ್ಟ್ ಮೊದಲ ವಾರ ಹುಣಿಯನ್ನು ಒಮ್ಮೆ ಬೋಳಾಗಿ ಕೊಯ್ದು ಹಸಿಯಾಗಿಯೇ ತಿನ್ನಿಸಿಬಿಟ್ಟರೆ, ಐದಾರು ವಾರಗಳಲ್ಲಿ ಬರುವ ಎರಡನೆಯ ಚಿಗುರು ಆ ಬಿಸಿಲಿಗೆ ಸರಿಯಾಗಿ ಸಿಗುತ್ತದೆ. ನೆಲಕ್ಕೆ ಅಂಟಿ ಕೊಯ್ಯಬಾರದು. ಕತ್ತಿಯ ಜೊತೆ ಬಂದ ಮಣ್ಣಿನಲ್ಲೇ ಕ್ಲಾಸ್ಟ್ರಿಡಿಯಂ ಇರುತ್ತದೆ.

ಕಾಡುಮೆಂತ್ಯದಂಥ ಒಗರು ಇರುವ ದ್ವಿದಳವನ್ನು ಮಿಶ್ರಣದಲ್ಲಿ ಸೇರಿಸುವುದಕ್ಕೆ ಇನ್ನೊಂದು ಕಾರಣವಿದೆ. ಡ್ರಮ್ಮು ಮುಚ್ಚಿದ ಮೇಲೂ ಎಲೆಯ ಸ್ವಂತ ಕಿಣ್ವಗಳು ಪ್ರೋಟೀನನ್ನು ಒಡೆಯುತ್ತಲೇ ಇರುತ್ತವೆ. ಟ್ಯಾನಿನ್ ಇಲ್ಲದ ದ್ವಿದಳ ಮೇವಿನ ಸೈಲೇಜಿನಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರೋಟೀನ್ ಹೀಗೆ ಚೂರಾಗಬಹುದು. ರೂಮೆನ್‌ನಲ್ಲಿ ಮಾಡಿದ ಕಾವಲು ಕೆಲಸವನ್ನೇ ಟ್ಯಾನಿನ್ ಇಲ್ಲಿಯೂ ಮಾಡುತ್ತದೆ.

ಇನ್ನು ಮೊದಲು ಹೇಳಿದ ಗೋದಲಿಯ ದೃಶ್ಯಕ್ಕೆ ಬರಬೇಕು, ಏಕೆಂದರೆ ಸೊಪ್ಪಿನ ಸೈಲೇಜಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಅಲ್ಲಿದೆ. ಹಸಿಹುಲ್ಲಿನ ಹೊರೆಯಲ್ಲಿ ನಾಯಿತುಳಸಿಯನ್ನು ಬದಿಗೆ ಸರಿಸಿದ್ದು ದನದ ಮೂಗು ಮತ್ತು ನಾಲಗೆ. ಗುಡ್ಡೆಗೆ ಬಿಟ್ಟ ಮಲೆನಾಡು ಗಿಡ್ಡ ತಳಿಯ ದನ ಇದರಲ್ಲಿ ಇನ್ನೂ ಜಾಣ. ಲಂಟಾನದ ಪೊದೆಯ ಬುಡದಲ್ಲಿ ಬೆಳೆದ ಗರಿಕೆಯನ್ನು ಲಂಟಾನದ ಎಲೆ ತಾಗದಂತೆ ಎಳೆದು ತಿನ್ನುವುದನ್ನು ನಾನು ಕಂಡಿದ್ದೇನೆ. ಕತ್ತರಿಸುವ ಯಂತ್ರಕ್ಕೆ ಎಲ್ಲವನ್ನೂ ಒಟ್ಟಿಗೆ ಕೊಟ್ಟು, ಬೆಲ್ಲ ಬೆರೆಸಿ, ಒಂದೂವರೆ ತಿಂಗಳು ಹುಳಿಯಲ್ಲಿಟ್ಟರೆ ಕಹಿಯೂ ಗಬ್ಬುವಾಸನೆಯೂ ಮುಚ್ಚಿಹೋಗುತ್ತವೆ, ಆದರೆ ವಿಷ ಹಾಗೇ ಉಳಿಯಬಹುದು. ನಾಯಿತುಳಸಿಯಲ್ಲಿ ಪೈರೊಲಿಜಿಡಿನ್ ಗುಂಪಿನ ಆಲ್ಕಲಾಯ್ಡುಗಳಿವೆ. ಇವು ಯಕೃತ್ತನ್ನು ತಿಂಗಳುಗಟ್ಟಲೆ ನಿಧಾನಕ್ಕೆ ಕೆಡಿಸುವಂಥವು, ಸೈಲೇಜಿನ ಹುಳಿ ಇವನ್ನು ಪೂರ್ತಿ ಅಳಿಸುವುದಿಲ್ಲ. ನಮ್ಮಲ್ಲಿ ಕಮ್ಯುನಿಸ್ಟ್ ಗಿಡ ಎಂದು ಕರೆಯುವ ಪೊದೆಯನ್ನೂ ಇದೇ ಕಾರಣಕ್ಕೆ ದೂರವಿಡಬೇಕು. ಲಂಟಾನದ ಲಂಟಾಡೀನ್ ಒಣಗಿಸಿದರೂ ಹೋಗದು; ಅದನ್ನು ತಿಂದ ದನಕ್ಕೆ ಕಾಮಾಲೆಯಾಗಿ, ಬಿಸಿಲು ಬಿದ್ದ ಕಡೆ ಚರ್ಮ ಸುಲಿಯುತ್ತದೆ. ಮರಗೆಣಸಿನ ಎಲೆಯ ಸಯನೈಡ್ ಅಂಶ ಇದಕ್ಕೆ ಅಪವಾದ. ಕತ್ತರಿಸಿ ಬಾಡಿಸಿ ಹುಳಿಗಿಟ್ಟರೆ ಅದು ಬಹಳಷ್ಟು ತಗ್ಗುತ್ತದೆ. ಹಸಿಯಾಗಿ ತಿಂದು ದನ ಸತ್ತ ಉದಾಹರಣೆಗಳಿರುವ ಸೊಪ್ಪು ಸೈಲೇಜಿನಲ್ಲಿ ಮೇವಾಗುತ್ತದೆ.

ಚಗತೆ ಗಿಡ ಈ ಎರಡು ಬಗೆಗಳ ನಡುವಿನದು. ಆಟಿಯಲ್ಲಿ ಅದರ ಚಿಗುರನ್ನು ತಜಂಕ್ ಎಂದು ನಾವೇ ತಿನ್ನುತ್ತೇವೆ, ದನ ಹಸಿಯಾಗಿ ಅದಕ್ಕೆ ಬಾಯಿ ಹಾಕುವುದು ಅಪರೂಪ. ಸೆಪ್ಟೆಂಬರ್ ಕಳೆದರೆ ಕೋಡು ತುಂಬ ಬೀಜ. ಆ ಬಳಗದ ಗಿಡಗಳ ಬೀಜ ಹೆಚ್ಚಾಗಿ ಹೊಟ್ಟೆಗೆ ಹೋದರೆ ದನದ ಮಾಂಸಖಂಡಗಳು ಕೆಡುತ್ತವೆ. ಅಲ್ಲದೆ ಗಟ್ಟಿ ಸಿಪ್ಪೆಯ ಬೀಜ ಸೈಲೇಜನ್ನೂ ದನದ ಹೊಟ್ಟೆಯನ್ನೂ ದಾಟಿ, ಗೊಬ್ಬರದ ಮೂಲಕ ಅಡಿಕೆ ತೋಟದಲ್ಲಿ ಮತ್ತೆ ಹುಟ್ಟುತ್ತದೆ. ಕೋಡು ಕಂಡ ಚಗತೆಯನ್ನು ನಾನು ಹೊರೆಗೆ ಸೇರಿಸುವುದಿಲ್ಲ. ಹೊರೆ ಯಂತ್ರಕ್ಕೆ ಹೋಗುವ ಮೊದಲು ಅಂಗಳದಲ್ಲಿ ಹರಡಿ, ದನ ಮಾಡುವ ಕೆಲಸವನ್ನು ಮನೆಯವರು ಕೈಯಲ್ಲಿ ಮಾಡಬೇಕು. ಬಾಡಿಸಲು ಹೇಗೂ ಹರಡಲೇಬೇಕಾದುದರಿಂದ ಇದಕ್ಕೆ ಬೇರೆ ಸಮಯ ಹಿಡಿಯುವುದಿಲ್ಲ. ಯಾವ ಗಿಡವೆಂದು ಗೊತ್ತಾಗದಿದ್ದರೆ ಅದನ್ನು ದನದ ಮುಂದೆ ಹಸಿಯಾಗಿ ಹಿಡಿದು ನೋಡಬಹುದು; ಮರಗೆಣಸಿನ ಎಲೆಯಂತೆ, ದನ ತಿಂದದ್ದೆಲ್ಲ ನಿರಪಾಯವೆಂದೇನಲ್ಲ. ಹಸಿದಿರದ ದನ ಬೇಡವೆಂದದ್ದು ಡ್ರಮ್ಮಿಗೂ ಬೇಡ.

ಐದಾರು ತಿಂಗಳ ನಂತರ ಮುಚ್ಚಳ ತೆಗೆದಾಗ ಒಳ್ಳೆಯ ಸೈಲೇಜ್ ಹಳದಿ ಬೆರೆತ ಹಸಿರು ಬಣ್ಣದಲ್ಲಿದ್ದು, ರಾತ್ರಿ ಉಬ್ಬಿದ ದೋಸೆಹಿಟ್ಟಿಗೆ ಹಣ್ಣಿನ ಪರಿಮಳ ಸೇರಿದಂತೆ ಇರುತ್ತದೆ. ಮೊದಲ ದಿನ ಒಂದೆರಡು ಕಿಲೋದಿಂದ ಶುರುಮಾಡಿ ಒಂದು ವಾರದಲ್ಲಿ ಏರಿಸಿಕೊಂಡು ಹೋಗಿ, ದೊಡ್ಡ ಮಿಶ್ರತಳಿಗೆ ದಿನಕ್ಕೆ 10ರಿಂದ 15 ಕಿಲೋ, ಗಿಡ್ಡಕ್ಕೆ ಅದರ ಮೂರನೇ ಒಂದು ಪಾಲು ಕೊಡಬಹುದು. ಹಾಲು ಕರೆದ ಮೇಲೆ ಕೊಡಬೇಕು, ಕರೆಯುವ ಮೊದಲು ಕೊಟ್ಟರೆ ಸೊಪ್ಪಿನ ವಾಸನೆ ದನದ ಉಸಿರಿನಿಂದಲೂ ಹಟ್ಟಿಯ ಗಾಳಿಯಿಂದಲೂ ಹಾಲಿಗೆ ಬರುತ್ತದೆ. ತೆರೆದ ಡ್ರಮ್ಮಿನಿಂದ ದಿನಕ್ಕೆ ಒಂದು ಗೇಣಿನಷ್ಟಾದರೂ ತೆಗೆಯಬೇಕು. ಮಾರ್ಚ್ ತಿಂಗಳ ನಮ್ಮ ಉಬ್ಬೆ ಸೆಕೆಯಲ್ಲಿ ಮುಟ್ಟದೆ ಬಿಟ್ಟ ಮೇಲ್ಪದರ ಎರಡೇ ದಿನದಲ್ಲಿ ಬಿಸಿಯಾಗಿ ಬೂಸ್ಟು ಹಿಡಿಯುತ್ತದೆ. ಒಂದು ಎರಡು ದನ ಇರುವ ಮನೆಗೆ ದೊಡ್ಡ ಗುಂಡಿಗಿಂತ ಸಣ್ಣ ಡ್ರಮ್ಮು ಸರಿಯೆನ್ನುವುದು ಇದಕ್ಕಾಗಿ. ತಳದಲ್ಲಿ ನಿಂತ ಕಂದು ರಸ ಮನೆಯ ಕೊಳಚೆ ನೀರಿಗಿಂತ ಎಷ್ಟೋ ಪಟ್ಟು ಕಟುವಾದದ್ದು, ಮುರಕಲ್ಲಿನ ಸೆರೆಗಳಲ್ಲಿ ಇಳಿದು ಬಾವಿ ಸೇರಲು ಅದಕ್ಕೆ ಹೆಚ್ಚು ಹೊತ್ತು ಬೇಡ. ಆ ರಸಕ್ಕೆ ಹತ್ತು ಪಾಲು ನೀರು ಬೆರೆಸಿ, ಬಾವಿಯಿಂದ ದೂರದ ತೆಂಗಿನ ಕಟ್ಟೆಗೆ ಹೊಯ್ಯಬೇಕು.